ಅಕ್ಕ ಕಂಡ ಕೆಂಪು ಎತ್ತುಗಳು

ನಾನು ಕಲ್ಲಿನ ಮನುಷ್ಯ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಯಲ್ಲಿ ಮೂವತ್ತು ವರ್ಷ ದುಡಿದವನು. ನಿಜಾಮರ ಕಾಲದಲ್ಲಿ ಎರಡು ವರ್ಷ ಉರ್ದು ಸಾಲಿ, ಆಮೇಲೆ ಎರಡು ವರ್ಷ ಕನ್ನಡ ಸಾಲಿ, ನನ್ನ ಓದು ಅಷ್ಟೇ. ಬರೆಯುವ ರೂಢಿ ಇಲ್ಲ. ಆದರೂ ಇದನ್ನು ಬರೆಯಬೇಕಾಗಿದೆ. ನನ್ನ ಒಂದು ಮಾತಿನಿಂದ ನನ್ನ ಅಕ್ಕ ಹದಿನೆಂಟು ವರ್ಷ ಊರವರ ಬಾಯಲ್ಲಿ ಸುಳ್ಳುಗಾರ್ತಿಯಾಗಿ ಬದುಕಿದಳು. ಅವಳು ಹೇಳಿದ್ದು ಖರೆ ಇತ್ತು. ಸುಳ್ಳು ಹೇಳಿದವನು ನಾನು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಅವ್ವ ದಿನಾ ಕೂಲಿಗೆ ಹೋಗುತ್ತಿದ್ದುದರಿಂದ ನನ್ನನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅವಳನ್ನು ಕೊಟ್ಟದ್ದು ಕೊಡ್ಲಿಯಿಂದ ಆಚೆ, ಚಿಂಚೋಳಿ ಗುಡ್ಡದ ಬುಡದ ಒಂದು ಸಣ್ಣ ಊರಿಗೆ. ನಾನು ಅವಳನ್ನು ನೋಡಲು ಹೋಗಬೇಕಾದರೆ ವಾಡಿಗೆ ಬಂದು ರೈಲು ಹಿಡಿದು, ಚಿತ್ತಾಪುರ ದಾಟಿ ಸೇಡಂನಲ್ಲಿ ಇಳಿದು, ಕೊಡ್ಲಿಯ ತನಕ ಬಸ್ಸು, ಅಲ್ಲಿಂದ ಎರಡು ಹರದಾರಿ ನಡಿಗೆ. ಮಾವ, ಅಂದರೆ ಅಕ್ಕನ ಗಂಡ, ಒಂದು ಜೋಡಿ ಎತ್ತಿನ ಒಕ್ಕಲುತನದವನು. ಕಡಿಮೆ ಮಾತಿನ ಮನುಷ್ಯ.

ಬೇಸಿಗೆಯಲ್ಲಿ ಆ ಊರಿನ ಹೆಣ್ಣುಮಕ್ಕಳು ಬೀಡಿ ಎಲೆ ಹರಿಯಲು ಗುಡ್ಡಕ್ಕೆ ಹೋಗುತ್ತಾರೆ. ಒಂದು ಬೇಸಿಗೆ ಅಕ್ಕ ಎಲೆ ಹುಡುಕುತ್ತಾ ಒಬ್ಬಳೇ ಒಂದು ಒಣ ಕೊಳ್ಳದೊಳಗೆ ಬಹಳ ದೂರ ಹೋದಳು. ಮಳೆಗಾಲದಲ್ಲಿ ಮಾತ್ರ ನೀರು ಹರಿಯುವ ಕೊಳ್ಳ ಅದು. ಉಳಿದ ದಿನ ಬರೀ ಕಲ್ಲು, ಬಿಸಿಲು. ಅದರ ತುದಿಯಲ್ಲಿ ಮುಂದಕ್ಕೆ ಚಾಚಿದ ಬಂಡೆಯ ನೆರಳಿಗೆ ಕೂತು ರೊಟ್ಟಿ ಬಿಚ್ಚಿದಾಗ, ಎದುರಿನ ಕಲ್ಲಿನ ಮೇಲೆ ಕೆಂಪು ಎತ್ತುಗಳನ್ನು ಕಂಡಳಂತೆ. ಮನೆಗೆ ಬಂದು ಹೇಳಿದಳು. ಅವಳ ಅತ್ತೆ ಊರಿಗೆಲ್ಲ ಸಾರಿದಳು.

"ನಮ್ಮ ಸೊಸಿಗಿ ಕಲ್ಲಾಗ ಎತ್ತು ಕಂಡಾವಂತ. ನಾಳಿ ಅವಕ್ಕ ಕಣಿಕಿ ಹೊತ್ತುಕೊಂಡು ಹೋಗ್ತಾಳೋ ಏನೋ!"

ನಗದೆ ಕೇಳಿದವರು ಒಬ್ಬರೇ, ಊರಿನ ಸಾಲಿ ಮಾಸ್ತರು. ಇಂಥ ಚಿತ್ರಗಳು ಅಲ್ಲಿ ಇಲ್ಲಿ ಇರುತ್ತವೆ, ಸಾವಿರಾರು ವರ್ಷದ ಹಿಂದಿನ ಜನ ಬರೆದದ್ದು ಎಂದು ಅವರು ಎಲ್ಲೋ ಓದಿದ್ದರು. ಆದರೆ ಅವರದು ಭಾರವಾದ ಮೈ, ಮೊಳಕಾಲು ನೋವು. ಬಸವ ಜಯಂತಿಯ ಸೂಟಿಗೆ ನಾನು ಅಕ್ಕನ ಮನೆಗೆ ಬಂದದ್ದು ತಿಳಿದು, ಬೇವಿನ ಗಿಡದ ಕಟ್ಟೆಗೆ ನನ್ನನ್ನು ಕರೆಸಿಕೊಂಡರು. ಆಗಿನ್ನೂ ನಮ್ಮ ರಾಜ್ಯಕ್ಕೆ ಮೈಸೂರು ಅಂತಲೇ ಹೆಸರಿತ್ತು. ನನಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವರ್ಷ.

"ನೋಡಪಾ, ನೀ ಕಲ್ಲಿನಾವ," ಅಂದರು. "ಕಲ್ಲಿಗಿ ತಾನಾಗೇ ಬಿದ್ದ ಕಲಿ ಯಾವುದು, ಮನಶ್ಯಾ ಬರದದ್ದು ಯಾವುದು ನಿನಗ ತಿಳೀತದ. ಹೋಗಿ ನೋಡಿ ಬಾ. ನೀ ಹೌದಂದ್ರ ನಾ ಕಲಬುರ್ಗಿಗಿ ಕಾಗದ ಬರೀತೀನಿ. ಸರ್ಕಾರದವರು ಬರ್ತಾರ. ಹಳೀ ಚಿತ್ರ ಅಂದ್ರ ಸರ್ಕಾರದ ಆಸ್ತಿ. ನಿಮ್ಮಕ್ಕನ ಹೆಸರೂ ಉಳೀತದ."

ಕಟ್ಟೆಯ ಮೇಲೆ ಕೂತ ನಾಲ್ಕು ಮಂದಿಯೂ ಹೌದೆಂದರು. ಹೀಗೆ ಅಕ್ಕನ ಮಾತು ಖರೆಯೋ ಸುಳ್ಳೋ ಎಂಬುದು ನನ್ನ ಬಾಯಿಗೆ ಬಂತು.

ಮರುದಿನ ಮೂಡಲು ಹರಿಯುವ ಹೊತ್ತಿಗೆ ಹೊರಟೆವು. ಅವತ್ತೇ ಬಸವ ಜಯಂತಿ. ಊರಲ್ಲಿ ಎತ್ತುಗಳ ಮೈ ತೊಳೆದು ಕೋಡಿಗೆ ಬಣ್ಣ ಹಚ್ಚುತ್ತಿದ್ದರು. ಅಕ್ಕ ಸೀರೆ ಕಚ್ಚೆ ಹಾಕಿ, ರೊಟ್ಟಿ ಗಂಟು ನಡುವಿಗೆ ಕಟ್ಟಿ, ನೀರು ತುಂಬಿದ ಮಣ್ಣಿನ ತತ್ರಾಣಿಯನ್ನು ಹೆಗಲಿಗೆ ಇಳಿಬಿಟ್ಟುಕೊಂಡಿದ್ದಳು. ನನ್ನ ಚೀಲದಲ್ಲಿ ಸಣ್ಣ ಸುತ್ತಿಗೆ ಮತ್ತು ಒಂದು ತುಂಡು ಗೋಣಿತಟ್ಟು. ಅವೆರಡಿಲ್ಲದೆ ನಾನು ಎಲ್ಲಿಗೂ ಹೋಗುತ್ತಿರಲಿಲ್ಲ.

ಕೊಳ್ಳದ ಬಾಯಲ್ಲಿ ಉಸುಕು. ಸ್ವಲ್ಪ ಒಳಗೆ ಹೋದರೆ ಎರಡೂ ಕಡೆ ಗೋಡೆ ಎದ್ದು ನಿಲ್ಲುತ್ತದೆ. ಮೇಲೆ ಕರಿಗಲ್ಲು, ಅದರ ಕೆಳಗೆ ನಮ್ಮ ಫರ್ಸಿಯಂತೆ ಪದರು ಪದರಾದ ಕಲ್ಲು. ನಡುವೆ ಮೇಲಿನಿಂದ ಉರುಳಿ ಬಿದ್ದ ಗುಂಡುಗಳು, ಕೆಲವು ಬಂಡಿಯಷ್ಟು, ಕೆಲವು ಗುಡಿಸಲಷ್ಟು. ದಾರಿ ಎಂಬುದು ಇಲ್ಲ. ಒಂದು ಗುಂಡನ್ನು ಅಪ್ಪಿ ಹತ್ತಬೇಕು, ಕೂತು ಜಾರಬೇಕು, ಮತ್ತೊಂದನ್ನು ಹತ್ತಬೇಕು. ನಾನು ಟಾಯರ್ ಚಪ್ಪಲಿ ಹಾಕಿಕೊಂಡು ಮೂರು ಸಲ ಜಾರಿದೆ.

"ಚಪ್ಪಲಿ ಬಿಡೋ ತಮ್ಮಾ. ಬರಿಗಾಲಿಗಿ ಕಲ್ಲು ತಾನೇ ಹಾದಿ ಹೇಳ್ತದ."

"ಕಾಲು ಸುಡ್ತದಲ್ಲ ಅಕ್ಕಾ."

"ನೆಳ್ಳಿನ ಮಗ್ಗಲ ನಡಿ. ಬಿಸಲಾಗ ನಡೀಲಿಕತ್ತಿ, ಮ್ಯಾಲ ಸುಡ್ತದಂತಿ."

ನಾನು ಪ್ರತಿಯೊಂದು ಗುಂಡಿನ ಮೇಲೆ ಕಾಲಿಡುವ ಮೊದಲು ಸುತ್ತಿಗೆಯಿಂದ ಒಂದು ಪೆಟ್ಟು ಬಡಿದು ದನಿ ಕೇಳುತ್ತಿದ್ದೆ. ಗಟ್ಟಿ ಕೂತ ಕಲ್ಲಿನ ದನಿ ಬೇರೆ, ಅಲುಗುವ ಕಲ್ಲಿನ ದನಿ ಬೇರೆ. ಅಕ್ಕ ಹಿಂದಿರುಗಿ ನೋಡಿ ನಕ್ಕಳು.

"ಎಲ್ಲಾ ಕಲ್ಲಿಗೂ ಮಾತಾಡ್ಸಕೋತ ಬರ್ಲಿಕತ್ತಿ. ಊರಿಗಿ ಬಂದಾಗ ನನಗ ಇಷ್ಟು ಮಾತಾಡ್ಸಿದ್ದೀಯೇನು?"

ಒಂದು ಕಡೆ ಎರಡು ಗೋಡೆಗಳ ನಡುವೆ ದೊಡ್ಡ ಗುಂಡೊಂದು ಸಿಕ್ಕಿಕೊಂಡು ದಾರಿ ಮುಚ್ಚಿತ್ತು. ಅದರ ಕೆಳಗೆ ಹೊಟ್ಟೆಯ ಮೇಲೆ ತೆವಳಿ ತೂರಬೇಕು. ಅಕ್ಕ ಮೊದಲು ತೂರಿದಳು. ನಾನು ತತ್ರಾಣಿ ದಾಟಿಸಿ ಕೊಟ್ಟೆ. ಆಮೇಲೆ ಅವಳು ಆಚೆಯಿಂದ ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡಳು, ನಾನು ಸಣ್ಣವನಿದ್ದಾಗ ಹಳ್ಳ ದಾಟಿಸಿದ ಹಾಗೆ. ಅಲ್ಲಿಂದ ಮುಂದೆ ಗೋಡೆಯಲ್ಲಿ ಹೆಜ್ಜೇನು ಕಟ್ಟಿತ್ತು. ಬಾಯಿ ಮುಚ್ಚಿಕೊಂಡು, ಸುತ್ತಿಗೆ ಬಡಿಯದೆ ದಾಟಿದೆವು.

ಹೊತ್ತು ನೆತ್ತಿಗೆ ಬರುವ ಮೊದಲು ಮುಟ್ಟಿದೆವು. ಬಂಡೆ ಮೇಲಿಂದ ಮುಂದಕ್ಕೆ ಚಾಚಿ, ಕೆಳಗೆ ಹತ್ತು ಮಂದಿ ಕೂರುವಷ್ಟು ನೆರಳು ಮಾಡಿತ್ತು. ಹಿಂದಿನ ಗೋಡೆ ಸಪಾಟಾಗಿತ್ತು. ಮೊದಲು ನನಗೆ ಏನೂ ಕಾಣಲಿಲ್ಲ. ಬರೀ ಧೂಳು, ಅಲ್ಲಲ್ಲಿ ಮಸುಕು ಕೆಂಪು.

"ಕಣ್ಣು ಸಣ್ಣ ಮಾಡಿ ನೋಡು," ಅಂದಳು ಅಕ್ಕ.

ಖಣಿಯಲ್ಲಿ ನಾವು ಫರ್ಸಿಯ ಮೇಲೆ ಹಸಿ ಗೋಣಿತಟ್ಟು ಒರೆಸುತ್ತೇವೆ. ಒರೆಸಿ ಕಾಯುತ್ತೇವೆ. ಕಲ್ಲು ಆರುತ್ತದೆ, ಬಿರುಕು ಇದ್ದರೆ ಅಲ್ಲಿ ಮಾತ್ರ ತೇವ ಉಳಿದು ಗೆರೆ ಕಾಣುತ್ತದೆ. ಆಮೇಲೆ ಸುತ್ತಿಗೆಯಿಂದ ಬಡಿದು ದನಿ ನೋಡುತ್ತೇವೆ. ಒಳ್ಳೆಯ ಕಲ್ಲು ಕಂಚಿನ ಹಾಗೆ ನುಡಿಯುತ್ತದೆ. ಒಳಗೆ ಪದರು ಬಿಟ್ಟಿದ್ದರೆ ಬದ್ ಎನ್ನುತ್ತದೆ. ಆ ಬೇಸಿಗೆಯಲ್ಲೇ ನಮ್ಮ ಮೇಸ್ತ್ರಿ ಈ ದನಿ ನೋಡುವ ಕೆಲಸವನ್ನು ನನಗೆ ಒಪ್ಪಿಸಿದ್ದ. ನನ್ನ ಕೈಯಲ್ಲಿ ಫರ್ಸಿ ಒಡೆಯುವುದಿಲ್ಲ ಎಂದು ಖಣಿಯಲ್ಲೆಲ್ಲ ಮಾತಾಗಿತ್ತು. ಅದೇ ನನ್ನ ತಲೆಗೆ ಏರಿತ್ತು.

ತತ್ರಾಣಿಯಿಂದ ಗೋಣಿತಟ್ಟಿಗೆ ನೀರು ಸುರಿದುಕೊಂಡೆ.

"ಕುಡಿಯೋ ನೀರು ಕಲ್ಲಿಗಿ ಕುಡಸ್ತೀಯಲ್ಲೋ!"

ಕೇಳದೆ ಒರೆಸಿದೆ. ಧೂಳು ಹೋಗಿ ಕಲ್ಲು ಕಪ್ಪಾಯಿತು. ಅದರೊಳಗಿಂದ ಎತ್ತು ಎದ್ದು ಬಂತು. ಗೋಡೆಗೆ ಬಳಿಯುವ ಕೆಂಪು ಜಾಜಿನ ಬಣ್ಣ. ಹೆಗಲ ಮೇಲೆ ಎತ್ತರದ ಇಣಿ, ಬಿಲ್ಲಿನಂತೆ ಬಾಗಿದ ಉದ್ದ ಕೋಡು, ಬಾಲ ಎತ್ತಿದೆ. ಅದರ ಹಿಂದೆ ಸಣ್ಣವು ಮೂರು. ಕೆಳಗೆ ಕೈ ಕೈ ಹಿಡಿದ ಜನರ ಸಾಲು. ಇನ್ನೂ ಕೆಳಗೆ, ಕೂತವರಿಗೆ ಎಟುಕುವಲ್ಲಿ, ಒಂದು ಅಂಗೈ ಗುರುತು. ನಾನು ಎಷ್ಟು ಹೊತ್ತು ನಿಂತೆನೋ. ನಮ್ಮ ಮಾವನ ಎಡಗಡೆಯ ಎತ್ತು ಹೀಗೇ ನಿಲ್ಲುತ್ತದೆ ಅನಿಸಿತು.

"ಈಗ ಹೇಳು," ಅಂದಳು ಅಕ್ಕ. "ಸುಳ್ಳೇನು?"

"ಖರೆ ಅಕ್ಕಾ. ಮನಶ್ಯಾರೇ ಬರದಾರ."

ಅವಳು ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು. ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು.

ಕಲ್ಲು ಆರುತ್ತಿತ್ತು. ದೊಡ್ಡ ಎತ್ತಿನ ಸುತ್ತ ಒಂದು ತೇವದ ಗೆರೆ ಉಳಿದಿತ್ತು. ನನ್ನ ಕೈ ಚೀಲಕ್ಕೆ ಹೋಯಿತು. ಎತ್ತಿನ ಹೊಟ್ಟೆಯ ಪಕ್ಕ ಒಂದು ಪೆಟ್ಟು ಬಡಿದೆ. ಬದ್ ಎಂದಿತು.

"ಬಡೀಬ್ಯಾಡೋ," ಅಂದಳು ಅಕ್ಕ.

"ಪದರು ಬಿಟ್ಟದ ಅಕ್ಕಾ. ಎಲ್ಲಿ ತನಕ ಬಿಟ್ಟದ ನೋಡ್ಲಿಕತ್ತೀನಿ."

"ನೋಡಿ ಏನ್ ಮಾಡ್ತಿ? ಬಿಡು."

"ಕಲ್ಲಿನ ಕೆಲಸ ನಂದದ. ನಿನಗೇನ್ ತಿಳೀತದ?"

ಖಣಿಯಲ್ಲಿ ಬದ್ ಎನ್ನುವ ಪದರನ್ನು ಹಾಗೇ ಬಿಡುವುದಿಲ್ಲ, ಯಾರದಾದರೂ ಕಾಲಿನ ಮೇಲೆ ಬಿದ್ದೀತು ಎಂದು ಎಬ್ಬಿಸಿಬಿಡುತ್ತೇವೆ. ನಾನು ಎಬ್ಬಿಸಬೇಕೆಂದಿರಲಿಲ್ಲ. ಆದರೆ ಎರಡನೆಯ ಪೆಟ್ಟು ಬಡಿದೆ. ಮೂರನೆಯದನ್ನೂ ಬಡಿದೆ. ಮೊರದಷ್ಟು ಅಗಲದ ಪದರು ಗೋಡೆ ಬಿಟ್ಟು ನನ್ನ ಎದೆಗೆ ತಾಗಿ ಜಾರಿ ಕೆಳಗೆ ಬಿತ್ತು. ಮೂರು ತುಂಡಾಯಿತು. ಒಂದರಲ್ಲಿ ಕೋಡು, ಒಂದರಲ್ಲಿ ಇಣಿ, ಒಂದರಲ್ಲಿ ಕಾಲು. ಗೋಡೆಯಲ್ಲಿ ಹೊಸದಾಗಿ ಒಡೆದ ಕಲ್ಲಿನ ಬಿಳಿ ಕಲೆ ಉಳಿಯಿತು. ಸುತ್ತಿಗೆಯ ಕೆಲಸ ಅದು ಅಂತ ಯಾರಾದರೂ ಹೇಳಬಹುದಿತ್ತು.

ಅಕ್ಕ ಕುಕ್ಕರಗಾಲಲ್ಲಿ ಕೂತು ತುಂಡುಗಳನ್ನು ಒಂದಕ್ಕೊಂದು ಕೂಡಿಸಿ ನೋಡಿದಳು. ಮಗುವಿನ ಹಾಗೆ ಒತ್ತಿ ಒತ್ತಿ ನೋಡಿದಳು.

ನಾನು ಅಳತೊಡಗಿದೆ. "ಸರ್ಕಾರದ ಆಸ್ತಿ ಅಂದಾರ ಮಾಸ್ತರು. ನನಗ ಜೇಲಿಗಿ ಹಾಕ್ತಾರ ಅಕ್ಕಾ. ಯಾರಿಗೂ ಹೇಳಬ್ಯಾಡ. ನಿನ್ನ ಕಾಲು ಬೀಳ್ತೀನಿ."

ಅವಳು ನನ್ನ ಮುಖ ನೋಡಿದಳು. "ಹಂಗಾದ್ರ ಮಾಸ್ತರಿಗಿ ಏನ್ ಹೇಳ್ತಿ?"

ನಾನು ಸುತ್ತಿಗೆಯನ್ನು ಚೀಲದೊಳಗೆ ತುರುಕಿದೆ. ಅವಳಿಗೆ ಉತ್ತರ ಗೊತ್ತಾಯಿತು. ತುಂಡುಗಳನ್ನು ಅವಳೇ ಗೋಡೆಯ ಬುಡದ ಸಂದಿನಲ್ಲಿ, ಬಣ್ಣದ ಮುಖ ಒಳಗೆ ಮಾಡಿ ಇಟ್ಟಳು. ರೊಟ್ಟಿ ಬಿಚ್ಚಲಿಲ್ಲ. ಉಳಿದ ನೀರನ್ನು ನನಗೆ ಕುಡಿಸಿ ಕರೆದುಕೊಂಡು ಇಳಿದಳು.

ಸಂಜೆ ಕಟ್ಟೆಯ ಮೇಲೆ ಮಾಸ್ತರು ಕಾಗದ ಪೆನ್ನು ಸಮೇತ ಕೂತಿದ್ದರು. ಕೋಡಿಗೆ ಬಣ್ಣ ಹಚ್ಚಿದ ಎತ್ತುಗಳು ಮೆರವಣಿಗೆ ಮುಗಿಸಿ ಮನೆಗೆ ತಿರುಗುತ್ತಿದ್ದವು. ಅಕ್ಕ ನನ್ನ ಹಿಂದೆ, ಹೆಂಗಸರ ಕಡೆ ನಿಂತಿದ್ದಳು.

"ಏನಪಾ, ಹೌದೋ ಅಲ್ಲೋ?"

"ಅಲ್ರಿ ಮಾಸ್ತರ. ಕಲ್ಲಿನಾಗಿನ ಕೆಂಪು ಮಣ್ಣು ಮಳಿ ನೀರಿಗಿ ಇಳಿದದ. ದೂರದಿಂದ ಎತ್ತಿನಂಗ ಕಾಣ್ತದ, ಅಷ್ಟೇರಿ."

ಮಾಸ್ತರು ಪೆನ್ನಿನ ಟೊಪ್ಪಿಗೆ ಮುಚ್ಚಿದರು. ಕಟ್ಟೆಯ ಮೇಲೆ ನಗು ಎದ್ದಿತು. ನಾನು ಅಕ್ಕನ ಕಡೆ ತಿರುಗಿ ನೋಡಲಿಲ್ಲ. ಅವಳ ಅತ್ತೆಯ ದನಿ ಮಾತ್ರ ಕೇಳಿತು: "ತಮ್ಮಾದ್ರೂ ಖರೆ ಮಾತಾಡಿದ. ನಡಿಯವಾ, ಮನ್ಯಾಗಿನ ಎತ್ತಿಗಿ ನೀರ ಕುಡಸು."

ಅವತ್ತಿನಿಂದ ಅವಳಿಗೆ ಊರಲ್ಲಿ ಒಂದು ಹೆಸರು ಬಿತ್ತು. ಎತ್ತು ಕಂಡಾಕಿ. ಅವಳು ಏನೇ ಹೇಳಲಿ, ಮಳೆ ಬರುವ ಹಾಗಿದೆ ಅಂದರೂ, ಎಮ್ಮೆ ಗಬ್ಬಾಗಿದೆ ಅಂದರೂ, "ಎತ್ತು ಕಂಡಾಕಿ ಹೇಳ್ಯಾಳ" ಎಂದು ಒಂದು ನಗು. ಮಾವ ನಗುತ್ತಿರಲಿಲ್ಲ. ಆದರೆ ಅವಳು ಹೇಳಿದ್ದನ್ನು ಇನ್ನೊಬ್ಬರ ಬಾಯಿಂದ ಕೇಳಿದ ಮೇಲೇ ನಂಬುತ್ತಿದ್ದ. ಇದನ್ನು ನಾನು ಪ್ರತಿ ಸಲ ಹೋದಾಗಲೂ ನೋಡಿದೆ. ಪಂಚಮಿಗೆ ಅಕ್ಕನನ್ನು ಕರೆತರಲು ಹೋದಾಗ, ಅವಳ ಮಗನ ಜವಳ ತೆಗೆಸುವಾಗ, ಅವಳ ಅತ್ತೆ ತೀರಿಕೊಂಡಾಗ. ಪ್ರತಿ ಸಲವೂ ಹೇಳಬೇಕೆಂದು ರೈಲು ಹತ್ತಿದೆ, ಹೇಳದೆ ಇಳಿದೆ. ಅಕ್ಕ ಒಮ್ಮೆಯೂ ಆ ಮಾತು ಎತ್ತಲಿಲ್ಲ. ನನಗೆ ಎರಡು ರೊಟ್ಟಿ ಹೆಚ್ಚೇ ಬಡಿಸುತ್ತಿದ್ದಳು.

ರಾಜ್ಯದ ಹೆಸರು ಕರ್ನಾಟಕ ಆಯಿತು. ನಾನು ಖಣಿಯಲ್ಲಿ ಮೇಸ್ತ್ರಿಯಾದೆ. ಒಂದು ಬೇಸಿಗೆ ಅಕ್ಕ ನಾಲವಾರದ ಮಠಕ್ಕೆ ಬಂದವಳು ನಮ್ಮ ಮನೆಗೂ ಬಂದಳು. ಊಟ ಮಾಡುತ್ತಾ ನಗುತ್ತಲೇ ಒಂದು ಸಂಗತಿ ಹೇಳಿದಳು. ಅವರ ತೊಗರಿ ಹೊಲವನ್ನು ಬಾಜೂದವರ ಎತ್ತು ಹೊಕ್ಕು ಮೇಯ್ದಿದ್ದನ್ನು ಇವಳು ಕಣ್ಣಾರೆ ನೋಡಿದ್ದಳಂತೆ. ಪಂಚರ ಮುಂದೆ ಹೇಳಿದಾಗ ಹಿರಿಯನೊಬ್ಬ, "ಯವ್ವಾ, ನೀ ಕಲ್ಲಾಗೇ ಎತ್ತು ಕಂಡಾಕಿ. ಹೊಲದಾಗ ಕಾಣಲಾರದೆ ಇರ್ತೀಯೇನು?" ಅಂದನಂತೆ. ಎಲ್ಲರೂ ನಕ್ಕು ಎದ್ದುಹೋದರಂತೆ.

"ನಿಮ್ಮ ಮಾವನೂ ಅವರ ಜೋಡಿ ಎದ್ದು ಹ್ವಾದ," ಅಂದಳು. ಆ ಮಾತಿಗೆ ಮಾತ್ರ ನಗಲಿಲ್ಲ.

ನಾನು ಅವಳ ಜೊತೆಗೇ ಅವಳ ಊರಿಗೆ ಹೋದೆ. ಮಾವ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ನಿಂತುಕೊಂಡೇ ಹೇಳಿದೆ. ಚಿತ್ರ ಇದ್ದದ್ದು ಖರೆ, ಅದನ್ನು ಒಡೆದವನು ನಾನು, ಮಾಸ್ತರ ಮುಂದೆ ಸುಳ್ಳು ಹೇಳಿದವನು ನಾನು. ಮಾವ ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲ. ತುದಿ ಗಂಟು ಹಾಕಿ ಕೆಳಗಿಟ್ಟು, "ನಾಳಿ ತೋರಸ್ರಿ ನೋಡೂಣು," ಅಂದ. ನಮ್ಮಿಬ್ಬರಿಗೂ ಸೇರಿಸಿ ಅಂದನೋ, ನನಗೆ ಬಹುವಚನ ಕೊಟ್ಟು ದೂರ ಇಟ್ಟನೋ ತಿಳಿಯಲಿಲ್ಲ.

ಮೂವರೂ ಹೋದೆವು. ಅದೇ ಗುಂಡುಗಳು. ನಮ್ಮ ಮೊಳಕಾಲು ಮಾತ್ರ ಬೇರೆ. ನಾನು ಈ ಸಲ ಸುತ್ತಿಗೆ ತಂದಿರಲಿಲ್ಲ, ಚಪ್ಪಲಿಯನ್ನು ಕೊಳ್ಳದ ಬಾಯಲ್ಲೇ ಬಿಟ್ಟಿದ್ದೆ. ಸಿಕ್ಕಿಕೊಂಡ ಗುಂಡಿನ ಕೆಳಗೆ ತೂರಲು ಮಾವನಿಗೆ ಆಗಲಿಲ್ಲ. ಅಕ್ಕ ಆಚೆಯಿಂದ ಎಳೆದಳು, ನಾನು ಈಚೆಯಿಂದ ನೂಕಿದೆ. ಮೈಯೆಲ್ಲ ಕೆರೆದುಕೊಂಡು ಮಾವ ಎದ್ದು ಕೂತ.

"ಇಲ್ಲಿ ತನಕ ಒಬ್ಬಾಕೇ ಬಂದಿದ್ದೇನು?" ಎಂದು ಕೇಳಿದ.

"ಎಲಿ ಸಿಗಲಿಲ್ಲಂದ್ರ ನೀವು ಬೈತಿದ್ರಲ್ಲ," ಅಂದಳು ಅಕ್ಕ.

ಬಂಡೆಯ ಕೆಳಗೆ ಬಂದಾಗ ನನ್ನ ಬಿಳಿ ಕಲೆ ಇನ್ನೂ ಇತ್ತು, ಸ್ವಲ್ಪ ಹಳದಿಯಾಗಿತ್ತು. ಅದರ ಹಿಂದೆ ಮೂರು ಸಣ್ಣ ಎತ್ತು, ಕೆಳಗೆ ಜನರ ಸಾಲು, ಅಂಗೈ. ಅಕ್ಕ ನೀರು ಹಾಕಲಿಲ್ಲ. ಕಣ್ಣು ಸಣ್ಣ ಮಾಡಿ ನೋಡಲು ಹೇಳಿದಳು. ಮಾವ ಬಹಳ ಹೊತ್ತು ನೋಡಿದ. ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಸಂದಿನಿಂದ ತುಂಡುಗಳನ್ನು ತೆಗೆದು ಕೂಡಿಸಿ, ಎತ್ತಿನ ಇಣಿಯನ್ನು, ಕೋಡನ್ನು ಬೆರಳು ತಾಗಿಸದೆ ಗಾಳಿಯಲ್ಲೇ ಸವರಿ ನೋಡಿದ. ಎತ್ತು ಕೊಳ್ಳುವ ಮುಂಚೆ ಅವನು ಹಾಗೆ ನೋಡುತ್ತಾನೆ.

"ಚಲೋ ತಳಿ," ಅಂದ. ಸ್ವಲ್ಪ ತಡೆದು, ಅಕ್ಕನ ಕಡೆ ನೋಡದೆ, "ನಾ ಅವತ್ತೇ ಬಂದು ನೋಡಬೇಕಿತ್ತು," ಅಂದ.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೋ ಏನೋ.

ಅಷ್ಟಕ್ಕೆ ನನ್ನ ಭಾರ ಇಳಿಯಬೇಕಿತ್ತು. ಇಳಿಯಲಿಲ್ಲ. ಅಕ್ಕನಿಗೂ ಹೇಳದ ಒಂದು ಮಾತು ಉಳಿದಿತ್ತು. ಅದನ್ನು ಅಲ್ಲೇ ಹೇಳಿದೆ.

"ಅಕ್ಕಾ, ಅವತ್ತು ಜೇಲಿನ ಅಂಜಿಕಿ ಅಂತ ಹೇಳಿದ್ದೆ. ಅಂಜಿಕಿ ಒಂದು ದಿನಕ್ಕ ಹೋಗಿತ್ತು. ಫರ್ಸಿ ಒಡಿಯಲಾರದ ಕೈ ಅಂತ ನನಗ ಹೆಸರಿತ್ತು. ಆ ಹೆಸರು ಹೋಗ್ತದಂತ ಸುಮ್ಮನಿದ್ದೆ."

ಅವಳು ನನ್ನನ್ನು ನೋಡಿದ ನೋಟ ಹದಿನೆಂಟು ವರ್ಷದಲ್ಲಿ ನಾನು ಕಂಡಿರಲಿಲ್ಲ.

"ಅಂಜ್ಯಾನ ಅಂತ ತಿಳಿದು ನಾ ಬಾಯಿ ಮುಚ್ಚಿಕೊಂಡಿದ್ದೆ," ಅಂದಳು. "ಸೊಕ್ಕು ಅಂತ ಗೊತ್ತಿದ್ರ ಅವತ್ತೇ ಕಟ್ಟಿ ಮ್ಯಾಲ ಹೇಳ್ತಿದ್ದೆ."

ಎದ್ದು ಮುಂದೆ ನಡೆದಳು. ಇಳಿಯುವಾಗ ಯಾವ ಗುಂಡಿನ ಹತ್ತಿರವೂ ನನಗಾಗಿ ನಿಲ್ಲಲಿಲ್ಲ. ಸಿಕ್ಕಿಕೊಂಡ ಗುಂಡಿನ ಕೆಳಗೆ ನಾನು ಒಬ್ಬನೇ ತೂರಿದೆ. ಕೊಳ್ಳದ ಬಾಯಲ್ಲಿ ನಾನು ಚಪ್ಪಲಿ ಮೆಟ್ಟುವಾಗ ಅವಳು ಹಿಂದಿರುಗಿದಳು.

"ಈಗ ಹೇಳಿದ್ದು ಕಟ್ಟಿ ಮ್ಯಾಲ ಹೇಳಬೇಕು. ಅಂಜಿಕಿ ಅಂತ ಅನಬ್ಯಾಡ. ಸೊಕ್ಕು ಅಂತೇ ಅನ್ನು."

ಸಂಜೆ ಬೇವಿನ ಗಿಡದ ಕೆಳಗೆ ಹೇಳಿದೆ. ಮಾಸ್ತರು ಕೆಲಸದಿಂದ ನಿವೃತ್ತರಾಗಿ ಆ ಊರಲ್ಲೇ ಮನೆ ಮಾಡಿದ್ದರು. ಕೋಲು ಹಿಡಿದು ಬಂದು ಕೂತಿದ್ದರು. ಹಳೆಯ ನಾಲ್ಕು ಮಂದಿಯಲ್ಲಿ ಇಬ್ಬರು ಇದ್ದರು. ಪಂಚರಲ್ಲಿ ನಕ್ಕ ಹಿರಿಯನೂ ಇದ್ದ. ನಾನು ನಿಂತು, ಅಕ್ಕ ಹೇಳಿದ ಶಬ್ದವನ್ನೇ ಬಳಸಿ, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಯಾರೂ ನಗಲಿಲ್ಲ. ಮಾಸ್ತರು ತಲೆ ಬಗ್ಗಿಸಿಕೊಂಡು, "ಮೊಳಕಾಲು ನೋವಂತ ನಾನೂ ಕೂತಬಿಟ್ಟೆ," ಅಂದರು. ಕಾಗದ ತರಲು ಮನೆಗೆ ಹೇಳಿಕಳಿಸಿದರು.

ಆ ಹಿರಿಯನಿಗೆ ಇನ್ನೂ ಅನುಮಾನ. ನನ್ನನ್ನು ಬಿಟ್ಟು ಮಾವನ ಕಡೆ ತಿರುಗಿ, "ಖರೇನೇ ಅದಾವೇನಪಾ ಎತ್ತು?" ಎಂದು ಕೇಳಿದ.

ಮಾವ ಹೆಂಗಸರ ಕಡೆ ಕೈ ತೋರಿಸಿ, "ಆಕಿಗಿ ಕೇಳ್ರಿ. ಮೊದಲು ಕಂಡಾಕಿ ಆಕಿ," ಅಂದ.

ಅಕ್ಕ ಸೆರಗು ಸರಿಮಾಡಿಕೊಂಡು ಎರಡು ಹೆಜ್ಜೆ ಮುಂದೆ ಬಂದಳು.

"ನಾಲ್ಕು ಇದ್ವುರಿ. ಒಂದಕ್ಕ ನಮ್ಮ ತಮ್ಮ ಒಡದಾನ. ಮೂರು ಅದಾವ. ಹೋಗಿ ನೋಡಿ ಬರ್ರಿ. ಚಪ್ಪಲಿ ಮಾತ್ರ ಕೆಳಗೇ ಬಿಟ್ಟು ಹೋಗ್ರಿ."